ಹೊಸ ಮೀನು ಬಿಟ್ಟರೆ ಸಾಕು, ಹಳೆಯದು ಅಟ್ಟಾಡಿಸುತ್ತೆ. ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆಯಲ್ಲಿ 4 ಅಡಿ ಉದ್ದದ ಸಾಲ್ಟ್ ವಾಟರ್ ಟ್ಯಾಂಕ್ ಇದೆ. ಅಗಲ, ಎತ್ತರ ಎರಡೂ ಒಂದೂವರೆ ಅಡಿ. ಶುರು ಮಾಡಿ ಒಂದೂವರೆ ವರ್ಷವಾಯಿತು. ಟ್ಯಾಂಕ್ ಸೈಕಲ್ ಆಗಲಿ, ಅಂದರೆ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ಬೆಳೆಯಲಿ ಅಂತ ಅಂಗಡಿಯವರು ಹೇಳಿದ್ದಕ್ಕೆ ಮೊದಲು ಒಂದು ಬ್ಲೂ ಡ್ಯಾಮ್ಸೆಲ್ ಬಿಟ್ಟೆ. ಆಮೇಲೆ ಎರಡು ಕ್ಲೌನ್ ತಂದೆ. ಈ ಮೂರೂ ಚೆನ್ನಾಗಿವೆ. ಆದರೆ ಅಲ್ಲಿಂದಾಚೆಗೆ ಏನೇ ತಂದರೂ ಡ್ಯಾಮ್ಸೆಲ್ ಬದುಕಲು ಬಿಡುತ್ತಿಲ್ಲ. ಫೈರ್‌ಫಿಶ್ ಹೊರಗೆ ಹಾರಿ ಸತ್ತಿತು. ಕಾರ್ಡಿನಲ್ ಇದ್ದದ್ದು ಮೂರೇ ದಿನ. ಕಳೆದ ವಾರ ತಂದ ಕೋರಲ್ ಬ್ಯೂಟಿಯ ಬಾಲ ಹರಿದುಹೋಗಿದೆ, ಅದನ್ನು ಸಂಪ್‌ಗೆ (ಟ್ಯಾಂಕ್ ಕೆಳಗಿನ ಫಿಲ್ಟರ್ ತೊಟ್ಟಿಗೆ) ಹಾಕಿದ್ದೇನೆ. ಗೆಳೆಯರೊಬ್ಬರು ಗಾಜಿಗೆ ಕನ್ನಡಿ ಇಡಿ ಅಂದರು. ಇನ್ನೊಬ್ಬರು ಇನ್ನೂ ನಾಲ್ಕೈದು ಮೀನು ತುಂಬಿಬಿಡಿ, ಜಗಳ ಹಂಚಿಹೋಗುತ್ತೆ ಅಂದರು. ಚಿಕ್ಕ ಕ್ಲೌನ್ ದೊಡ್ಡದರ ಮುಂದೆ ಆಗಾಗ ಮೈ ನಡುಗಿಸುತ್ತೆ, ಇದು ಕಾಯಿಲೆಯೇ? ಮುಂದೆ ಯೆಲ್ಲೋ ಟ್ಯಾಂಗ್ ತರಬೇಕೆಂದು ಮಕ್ಕಳ ಆಸೆ. ತರಬಹುದೇ?
– ಓದುಗರು, ವಿಜಯನಗರ

ಉತ್ತರ: ಮೊದಲು ಸಂಪ್ ವಿಷಯ. ನೀರನ್ನು ಮತ್ತೆ ಮೇಲಿನ ಟ್ಯಾಂಕ್‌ಗೆ ಏರಿಸುವ ರಿಟರ್ನ್ ಪಂಪ್ ನೀರೆಳೆಯುವ ಬಾಯಿಗೆ ಒರಟು ಸ್ಪಂಜ್ ಕಟ್ಟಿದ್ದೀರಾ? ಇಲ್ಲದಿದ್ದರೆ ಮುಂದೆ ಓದುವ ಮೊದಲು ಕಟ್ಟಿಬನ್ನಿ. ಸುಸ್ತಾದ ಮೀನು ರಾತ್ರಿ ಅಲ್ಲಿಗೇ ಅಂಟಿಕೊಳ್ಳುತ್ತೆ. ಒಳಗೆ ಪ್ಲಂಬರ್ ಅಂಗಡಿಯ ಪಿವಿಸಿ ಎಲ್ಬೋ ಒಂದೆರಡು ಹಾಕಿ, ಅಡಗಿಕೊಳ್ಳಲು ಅದಕ್ಕೊಂದು ಮನೆಯಾಗುತ್ತೆ. ಮೀನು ತಿನ್ನುತ್ತಿದ್ದರೆ ಹರಿದ ಬಾಲ ಕೆಲವು ವಾರಗಳಲ್ಲಿ ಮತ್ತೆ ಬೆಳೆಯುತ್ತೆ. ದಿನಾ ಎರಡು ನಿಮಿಷ ಟಾರ್ಚ್ ಹಿಡಿದು ನೋಡಿ. ಹರಿದ ಅಂಚು ಬೆಳ್ಳಗೆ ಹತ್ತಿಯಂತಾದರೆ ಅಥವಾ ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕಿ ಕಂಡರೆ ಬೇರೆ ಟ್ಯಾಂಕ್‌ನಲ್ಲಿಟ್ಟು ಚಿಕಿತ್ಸೆ ಮಾಡಬೇಕು. ಏಟು ತಿಂದ ಮೀನಿಗೆ ಬಿಳಿಚುಕ್ಕಿ ರೋಗ ಬೇಗ ಹತ್ತುತ್ತೆ. ಒಂದು ಎಚ್ಚರಿಕೆ: ತಾಮ್ರದ ಔಷಧಿಯನ್ನು ಸಂಪ್‌ಗೆ ಹಾಕಬೇಡಿ. ಅದು ಮೇಲಿನ ಟ್ಯಾಂಕ್‌ಗೂ ಹೋಗುತ್ತೆ, ಸೀಗಡಿ, ಶಂಖದ ಹುಳು ಎಲ್ಲ ಸತ್ತುಹೋಗುತ್ತವೆ.

ಈಗ ನಿಮ್ಮ ಡ್ಯಾಮ್ಸೆಲ್ ವಿಷಯಕ್ಕೆ ಬರೋಣ. ಅದರ ಕಡೆಯಿಂದ ನೋಡಿ. ನಿಮ್ಮ ಟ್ಯಾಂಕ್‌ನಲ್ಲಿ ಹಿಡಿಯುವುದು ಸುಮಾರು 255 ಲೀಟರ್. ಕಲ್ಲು, ಮರಳಿನ ಲೆಕ್ಕ ಕಳೆದರೆ ಇನ್ನೂ ಕಡಿಮೆ. ಅಷ್ಟೂ ಜಾಗದಲ್ಲಿ ವಾರಗಟ್ಟಲೆ ಅದೊಂದೇ ಇತ್ತು. ಯಾವ ಕಲ್ಲಿನ ಹಿಂದೆ ಪಾಚಿ ಬೆಳೆಯುತ್ತೆ, ಯಾವ ತೂತಿನಲ್ಲಿ ಮಲಗಬಹುದು, ಆಹಾರ ಯಾವ ಮೂಲೆಯಿಂದ ಬೀಳುತ್ತೆ, ಎಲ್ಲ ಅದಕ್ಕೆ ಗೊತ್ತು. ನಮ್ಮ ಬೆಂಗಳೂರಲ್ಲಿ ಮನೆ ಮುಂದಿನ ರಸ್ತೆಗೆ ಎರಡು ಹೂಕುಂಡ ಇಟ್ಟು ಪಾರ್ಕಿಂಗ್ ಹಿಡಿಯುವವರಿಲ್ವಾ? ರಸ್ತೆ ಅವರದ್ದಲ್ಲ. ಆದರೂ ಬೇರೆಯವರ ಕಾರು ಬಂದು ನಿಂತರೆ ಬಾಲ್ಕನಿಯಿಂದ ಕೂಗು ಕೇಳುತ್ತೆ. ನಿಮ್ಮ ಡ್ಯಾಮ್ಸೆಲ್ ಇಟ್ಟ ಹೂಕುಂಡಗಳು ನಿಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಡ್ಯಾಮ್ಸೆಲ್ ಜಾತಿಯ ಎಷ್ಟೋ ಮೀನುಗಳು ಸಮುದ್ರದಲ್ಲೂ ಹೀಗೇ ಬದುಕುತ್ತವೆ. ಕೆಲವಂತೂ ಹವಳದ ದಿಬ್ಬದ ಮೇಲೆ ಪಾಚಿಯ ಪುಟ್ಟ ತೋಟವನ್ನೇ ಕಾಯುತ್ತವೆ. ಪಾಚಿ ಮೇಯಲು ಬಂದ ದೊಡ್ಡ ಮೀನನ್ನೂ ಅಟ್ಟುತ್ತವೆ. ಅಲ್ಲಿ ಏಟು ತಿಂದ ಮೀನು ನಾಲ್ಕು ಬಾಲ ಬಡಿದರೆ ಆಚೆ ಬೀದಿಗೆ ಹೋಗಿಬಿಡುತ್ತೆ, ಜಗಳ ಅಲ್ಲಿಗೆ ಮುಗಿಯಿತು. ನಿಮ್ಮ ಟ್ಯಾಂಕ್‌ನಲ್ಲಿ ಆಚೆ ಬೀದಿಯೇ ಇಲ್ಲ. ನಾಲ್ಕು ಬಾಲ ಬಡಿದರೆ ಗಾಜು. ಓಡಿಹೋಗಲಾಗದ ಮೀನು ಸೋತರೂ ಗಡಿಯ ಒಳಗೇ ಇರುತ್ತೆ. ಡ್ಯಾಮ್ಸೆಲ್ ಕಣ್ಣಿಗೆ ಅದು ಎಷ್ಟು ಹೊಡೆದರೂ ಹೋಗದ ಮೊಂಡ. ಹಾಗಾಗಿ ಇನ್ನಷ್ಟು ಹೊಡೆಯುತ್ತೆ.

ಕ್ಲೌನ್‌ಗಳನ್ನು ಯಾಕೆ ಬಿಟ್ಟಿದೆ ಅಂತ ನೀವು ಕೇಳಬಹುದು. ಅವು ಹಳೆಯ ನೆರೆಹೊರೆ. ಯಾರ ಗಡಿ ಎಲ್ಲಿಗೆ ಅಂತ ಮೂವರಿಗೂ ತೀರ್ಮಾನವಾಗಿದೆ. ಪರಿಚಯದ ನೆರೆಯವನಿಗಿಂತ ಅಪರಿಚಿತನ ಮೇಲೆ ಜಾಸ್ತಿ ಸಿಟ್ಟು ಮಾಡುವುದು ಗಡಿ ಕಾಯುವ ಎಷ್ಟೋ ಪ್ರಾಣಿಗಳ ಸ್ವಭಾವ. ಇನ್ನೊಂದು ಮಾತು. 1973ರಲ್ಲಿ ನೊಬೆಲ್ ಪಡೆದ ಪ್ರಾಣಿ ವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ ಹವಳದ ದಿಬ್ಬದ ಮೀನುಗಳನ್ನು ನೋಡಿ, ಅವು ಬೇರೆ ಜಾತಿಗಿಂತ ತಮ್ಮದೇ ಜಾತಿಯ ಮೀನಿನ ಮೇಲೆ ಹೆಚ್ಚು ಬೀಳುತ್ತವೆ ಎಂದು ಗುರುತಿಸಿದ್ದರು. ತನ್ನಂತೆಯೇ ತಿನ್ನುವವನು, ತನ್ನಂತೆಯೇ ತೂತು ಹುಡುಕುವವನು ತಾನೇ ನಿಜವಾದ ಪೈಪೋಟಿಗಾರ? ನಿಮ್ಮ ಕೋರಲ್ ಬ್ಯೂಟಿಯ ಬಣ್ಣದಲ್ಲಿ ನೀಲಿ ಇದೆ. ದಿನವಿಡೀ ಅದೇ ಕಲ್ಲುಗಳ ಸಂದಿಯಲ್ಲಿ ಪಾಚಿ ಕೆರೆಯುತ್ತಾ ತಿರುಗುತ್ತೆ. ಡ್ಯಾಮ್ಸೆಲ್ ಅದನ್ನು ಸುಮ್ನೆ ಬಿಡುವ ಮಾತೇ ಇಲ್ಲ.

ಏನಾದರೂ ಮಾಡುವ ಮೊದಲು ಒಂದು ಸಂಜೆ ಹೀಗೆ ಮಾಡಿ. ಇದು ನಾನು ಪ್ರತಿ ಮನೆಯಲ್ಲೂ ಮಾಡಿಸುವ ಕೆಲಸ. ಬಿಳಿ ಬೋರ್ಡ್ ಮೇಲೆ ಬರೆಯುವ ಮಾರ್ಕರ್ ಪೆನ್ ತಗೊಂಡು ಟ್ಯಾಂಕ್ ಮುಂದೆ ಕುರ್ಚಿ ಹಾಕಿ ಕೂತುಕೊಳ್ಳಿ. ಮೊದಲ ಹತ್ತು ನಿಮಿಷ ಮೀನುಗಳು ನಿಮ್ಮನ್ನೇ ನೋಡುತ್ತವೆ, ಊಟ ಬಂತು ಅಂದುಕೊಂಡು. ಅಲ್ಲಾಡಬೇಡಿ. ಆಮೇಲೆ ಡ್ಯಾಮ್ಸೆಲ್ ಯಾರನ್ನಾದರೂ ಅಟ್ಟಿಕೊಂಡು ಹೋಗಿ ಎಲ್ಲಿ ವಾಪಸ್ ತಿರುಗಿತೋ ಅಲ್ಲಿ ಗಾಜಿನ ಹೊರಗಡೆ ಒಂದು ಚುಕ್ಕಿ ಇಡಿ. ಅರ್ಧ ಗಂಟೆಯಲ್ಲಿ ಹದಿನೈದು ಇಪ್ಪತ್ತು ಚುಕ್ಕಿ ಬೀಳುತ್ತವೆ. ಈಗ ರಂಗೋಲಿಯಂತೆ ಚುಕ್ಕಿ ಸೇರಿಸಿ. ಗೆರೆ ಒಂದು ಕಲ್ಲಿನ ಸುತ್ತ ಮುಚ್ಚಿಕೊಂಡರೆ ಅದೇ ಅದರ ಜಾಗ, ಅದರಾಚೆ ಬೇರೆ ಮೀನಿಗೆ ಬದುಕಲು ಎಡೆ ಇದೆ. ಚುಕ್ಕಿಗಳು ಎರಡೂ ತುದಿಯ ಗಾಜಿಗೆ ಮುಟ್ಟಿದ್ದರೆ ಇಡೀ ಟ್ಯಾಂಕ್ ಅದರ ಹೆಸರಲ್ಲೇ ನೋಂದಣಿಯಾಗಿದೆ ಅಂತ ಲೆಕ್ಕ. ನಿಮ್ಮ ಪತ್ರ ಓದಿದರೆ ನಿಮ್ಮದು ಎರಡನೆಯದು ಅಂತ ಅನ್ನಿಸುತ್ತೆ. ಆದರೂ ಚುಕ್ಕಿ ಇಟ್ಟು ನೋಡಿ. ಅದು ಯಾವ ತೂತಿನಿಂದ ಹೊರಟು ಯಾವ ತೂತಿಗೆ ಮರಳುತ್ತೆ ಅನ್ನುವುದೂ ಆಗ ಗೊತ್ತಾಗುತ್ತೆ. ಮುಂದೆ ಅದು ಬೇಕಾಗುತ್ತೆ.

ಎಲ್ಲ ಅಟ್ಟಾಟಕ್ಕೂ ಹೆದರಬೇಕಿಲ್ಲ. ಹೊಸ ಮೀನು ಬಂದ ಎರಡು ಮೂರು ದಿನ ಒಂದಿಷ್ಟು ಓಡಾಟ, ರೆಕ್ಕೆ ಅಗಲಿಸಿ ಎದೆ ಸೆಟೆಸುವುದು ಇದ್ದದ್ದೇ. ಗಡಿಯಲ್ಲಿ ನಿಂತು ವಾಪಸ್ ಹೋಗುವ ಮೀನು ಬರೀ ಗದರಿಸುತ್ತಿದೆ ಅಷ್ಟೇ. ಎದುರಿನದು ಬಾಲ ಮುದುರಿ ಓಡಿದ ಮೇಲೂ ಹುಡುಕಿಕೊಂಡು ಹೋಗಿ ಕಚ್ಚಿದರೆ ಅದು ಬೇರೆ ಮಾತು. ಏಟು ತಿನ್ನುವ ಮೀನು ಮೇಲಿನ ಮೂಲೆಯಲ್ಲಿ, ನೀರು ಸಂಪ್‌ಗೆ ಇಳಿಯುವ ಓವರ್‌ಫ್ಲೋ ಪಕ್ಕದಲ್ಲಿ ನೆಟ್ಟಗೆ ನಿಂತುಬಿಟ್ಟಿದೆಯೇ? ಕಿವಿರು ಬೇಗಬೇಗ ಬಡಿಯುತ್ತಿದೆಯೇ? ಊಟಕ್ಕೂ ಕೆಳಗೆ ಬರುತ್ತಿಲ್ಲವೇ? ಹಾಗಿದ್ದರೆ ಅದೇ ದಿನ ಬೇರೆ ಮಾಡಿ. ಎರಡು ದಿನ ಕಾದರೆ ಸರಿಹೋಗುತ್ತೆ ಅನ್ನುವ ಮಾತು ಅಂಗಡಿಯ ದೊಡ್ಡ ಟ್ಯಾಂಕ್‌ನಲ್ಲಿ ನಿಜವಿರಬಹುದು, ಅಲ್ಲಿ ಯಾರಿಗೂ ಸ್ವಂತ ಜಾಗವಿಲ್ಲ. ಮನೆಯಲ್ಲಿ ಕಾಯಬೇಡಿ.

ಸಾಮಾನ್ಯವಾಗಿ ಎಲ್ಲರೂ ಮಾಡುವ ತಪ್ಪು ಏನೆಂದರೆ ಏಟು ತಿಂದ ಮೀನನ್ನು ಹೊರಗೆ ತೆಗೆಯುವುದು. ಜೀವ ಉಳಿಸಲು ಅದು ಸರಿಯೇ, ನೀವೂ ಅದನ್ನೇ ಮಾಡಿದ್ದೀರಿ. ಆದರೆ ಡ್ಯಾಮ್ಸೆಲ್‌ಗೆ ಗೊತ್ತಾದದ್ದು ಇಷ್ಟು: ಹೊಡೆದೆ, ಅವನು ಹೋದ. ಅದರ ಹಕ್ಕುಪತ್ರಕ್ಕೆ ನೀವೇ ಮುದ್ರೆ ಹಾಕಿದಂತಾಯಿತು. ಈಗ ಹೊರಗೆ ಬರಬೇಕಾದದ್ದು ಡ್ಯಾಮ್ಸೆಲ್. ಎರಡು ವಾರ ಅದು ಇಲ್ಲದಂತೆ ಮಾಡಿ, ಅಷ್ಟರಲ್ಲಿ ಕಲ್ಲುಗಳ ಜಾಗ ಬದಲಿಸಿ, ಕೋರಲ್ ಬ್ಯೂಟಿ ಟ್ಯಾಂಕ್‌ನಲ್ಲಿ ನೆಲೆನಿಲ್ಲಲಿ. ಆಮೇಲೆ ಡ್ಯಾಮ್ಸೆಲ್ ವಾಪಸ್ ಬಂದರೆ ಆ ಮನೆಯಲ್ಲಿ ಅದೇ ಹೊಸಬ.

ಹೇಳುವುದು ಸುಲಭ, ಹಿಡಿಯುವುದು ಕಷ್ಟ. ಬಲೆ ಹಿಡಿದು ಟ್ಯಾಂಕ್ ಪೂರ್ತಿ ಓಡಾಡಿಸಬೇಡಿ. ಡ್ಯಾಮ್ಸೆಲ್ ಸಿಗುವುದಿಲ್ಲ, ಕ್ಲೌನ್‌ಗಳು ಬೆದರುತ್ತವೆ, ಕಲ್ಲು ಉರುಳಿ ಗಾಜು ಬಿರಿದರೆ ಹಾಲ್ ತುಂಬಾ ಉಪ್ಪುನೀರು. ಎರಡು ಲೀಟರ್‌ನ ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಲೆಕೆಳಗು ಮಾಡಿ ಅದೇ ಬಾಟಲಿಯೊಳಗೆ ತುರುಕಿ. ಮುಚ್ಚಳ ಬೇಡ. ಕುತ್ತಿಗೆ ಮೀನಿಗೆ ಚಿಕ್ಕದೆನಿಸಿದರೆ ಸ್ವಲ್ಪ ಅಗಲವಾಗಿ ಕತ್ತರಿಸಿ. ಒಳಗೆ ಫ್ರೋಜನ್ ಮೈಸಿಸ್ ಸೀಗಡಿ ಸ್ವಲ್ಪ ಹಾಕಿ, ಅದರ ತೂತಿನ ಹತ್ತಿರ ಮಲಗಿಸಿ. ಎರಡು ದಿನ ಬೇರೆಲ್ಲೂ ಆಹಾರ ಹಾಕಬೇಡಿ, ಬಾಟಲಿಯೊಳಗೆ ಮಾತ್ರ. ಜಾಗದ ಯಜಮಾನ ತಾನೇ ಮೊದಲು ಪರೀಕ್ಷೆಗೆ ಹೋಗುತ್ತೆ. ಆ ಧೈರ್ಯವೇ ಅದನ್ನು ಹಿಡಿದುಕೊಡುತ್ತೆ.

ಬಾಟಲಿಗೆ ಬೀಳದಿದ್ದರೆ ಬೆಳಗಿನ ಜಾವದ ಉಪಾಯ ಇದೆ. ಡ್ಯಾಮ್ಸೆಲ್ ದಿನಾ ರಾತ್ರಿ ಅದೇ ತೂತಿನಲ್ಲಿ ಮಲಗುತ್ತೆ. ಚುಕ್ಕಿ ಇಟ್ಟ ದಿನ ಆ ತೂತು ನೋಡಿಟ್ಟುಕೊಂಡಿದ್ದೀರಿ ಅಲ್ವಾ? ಲೈಟ್ ಹತ್ತುವ ಒಂದು ಗಂಟೆ ಮೊದಲು ಎದ್ದು, ಕೆಂಪು ಕಾಗದ ಸುತ್ತಿದ ಟಾರ್ಚ್ ಹಿಡಿದು, ತೂತಿನ ಬಾಯಿಗೆ ಅಂಗೈ ಮುಚ್ಚಿ ಆ ಕಲ್ಲನ್ನೇ ಎತ್ತಿ ಟ್ಯಾಂಕ್ ನೀರಿನ ಬಕೆಟ್‌ಗೆ ಇಳಿಸಿಬಿಡಿ. ಕಲ್ಲು ಸಮೇತ ಮೀನು. ಕೈಗೆ ಗ್ಲೌಸ್ ಇರಲಿ. ಹೀಗೆ ಹಿಡಿದ ಒಂದು ಡ್ಯಾಮ್ಸೆಲ್ ಬಕೆಟ್‌ನಲ್ಲಿ ಹತ್ತು ನಿಮಿಷ ಕಲ್ಲಿನಿಂದ ಹೊರಗೇ ಬರಲಿಲ್ಲ. ಬಂದ ಮೇಲೆ ನನ್ನ ಬೆರಳು ಕಚ್ಚಲು ನೋಡಿತು. ಬಕೆಟ್‌ನಲ್ಲೂ ಅದಕ್ಕೆ ಅದರ ಏರಿಯಾ!

ಹಿಡಿದದ್ದನ್ನು ಸಂಪ್‌ಗೆ ಹಾಕಿ, ಕೋರಲ್ ಬ್ಯೂಟಿಯನ್ನು ಮೇಲೆ ತನ್ನಿ. ಆದರೆ ನೇರ ಬಿಡಬೇಡಿ. ಕ್ಲೌನ್‌ಗಳೂ ಅದನ್ನು ಮರೆತಿರುತ್ತವೆ. ಅಂಗಡಿಯಲ್ಲಿ ಸಿಗುವ ತೂತಿನ ಅಕ್ರಿಲಿಕ್ ಪೆಟ್ಟಿಗೆ ಒಳ್ಳೆಯದು. ದುಡ್ಡು ಜಾಸ್ತಿ ಅನ್ನಿಸಿದರೆ ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿ ಎರಡು ತಂದು, ಬಾಯಿಗೆ ಬಾಯಿ ಸೇರಿಸಿ ಕೇಬಲ್ ಟೈ ಹಾಕಿ. ಹೊಸದೇ ಇರಲಿ, ಸೋಪು ತಾಗಿದ್ದು ಬೇಡ. ನಾಲ್ಕೈದು ದಿನ ಮೀನು ಅದರೊಳಗೇ ಇದ್ದು, ಅಲ್ಲೇ ಉಣ್ಣಲಿ. ಉಳಿದವು ಬುಟ್ಟಿಯ ಹತ್ತಿರ ಬಂದು ಗುದ್ದುವುದನ್ನು ನಿಲ್ಲಿಸಿದ ಮೇಲೆ ರಾತ್ರಿ ಲೈಟ್ ಆರಿದಾಗ ಮೆಲ್ಲಗೆ ತೆರೆಯಿರಿ. ಎರಡು ವಾರ ಕಳೆದು ಡ್ಯಾಮ್ಸೆಲ್ ಮರಳುವಾಗ ಅದಕ್ಕೂ ಇದೇ ಬುಟ್ಟಿವಾಸ.

ಕಲ್ಲು ಜೋಡಿಸುವ ಬಗ್ಗೆ ಸ್ವಲ್ಪ ಹೇಳಬೇಕು. ಬಹಳ ಮನೆಗಳಲ್ಲಿ ಹಿಂದಿನ ಗಾಜಿಗೆ ಒರಗಿಸಿ ಗೋಡೆಯಂತೆ ಕಲ್ಲು ಪೇರಿಸಿರುತ್ತಾರೆ. ನೋಡಲು ಚೆಂದ. ಆದರೆ ಅದರ ಮುಂದೆ ನಿಂತ ಮೀನಿಗೆ ಈ ತುದಿಯಿಂದ ಆ ತುದಿ ಪೂರ್ತಿ ಕಾಣುತ್ತೆ. ಕಂಡದ್ದೆಲ್ಲ ತನ್ನದು ಅನ್ನುತ್ತೆ. ಅದರ ಬದಲು ಎರಡು ಬೇರೆ ಗುಡ್ಡ ಮಾಡಿ, ಮಧ್ಯೆ ಬರೀ ಮರಳು. ಒಂದು ಗುಡ್ಡದಿಂದ ಇನ್ನೊಂದರ ಹಿಂಭಾಗ ಕಾಣಬಾರದು. ತೂತುಗಳು ಮೀನಿಗಿಂತ ಜಾಸ್ತಿ ಇರಲಿ, ಕೆಲವು ಡ್ಯಾಮ್ಸೆಲ್ ತೂರಲಾಗದಷ್ಟು ಕಿರಿದಾಗಿರಲಿ. ಒಂದೇ ದಿನ ಎಲ್ಲವನ್ನೂ ಕಲಕಿದರೆ ಒಂದೂವರೆ ವರ್ಷದ ಕೊಳೆ ಮೇಲೇಳುತ್ತೆ. ಆ ದಿನವೇ ಕೊಳೆ ಹೀರಿಕೊಂಡು ಶೇ 15ರಿಂದ 20 ನೀರು ಬದಲಿಸಿ. ಕಲ್ಲು ಸಾಲದಿದ್ದರೆ ಸೆರಾಮಿಕ್‌ನದು ತನ್ನಿ. ಸಮುದ್ರದಿಂದ ತಂದ ಹವಳದ ತುಂಡು ಯಾರಾದರೂ ಕಡಿಮೆ ಬೆಲೆಗೆ ಕೊಡುತ್ತೇನೆಂದರೆ ಮುಟ್ಟಬೇಡಿ. ದಿಬ್ಬ ಕಟ್ಟುವ ಹವಳಗಳು 2001ರಲ್ಲೇ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಸಮುದ್ರಕುದುರೆಯೂ ಅಷ್ಟೇ.

ಇನ್ನು ನಿಮ್ಮ ಗೆಳೆಯರ ಸಲಹೆಗಳು. ಕನ್ನಡಿ ಕೆಲವೊಮ್ಮೆ ಕೆಲಸ ಮಾಡುತ್ತೆ. ಪಕ್ಕದ ಗಾಜಿಗೆ ಹೊರಗಿನಿಂದ ಕನ್ನಡಿ ಒರಗಿಸಿದರೆ ಡ್ಯಾಮ್ಸೆಲ್ ತನ್ನ ನೆರಳಿನ ಜೊತೆಗೇ ಗುದ್ದಾಡುತ್ತಾ ಹೊಸ ಮೀನನ್ನು ಮರೆಯುತ್ತೆ. ಹೊಸ ಮೀನಿನ ಮೊದಲ ಎರಡು ದಿನಕ್ಕೆ, ದಿನಕ್ಕೆ ಕೆಲವು ಗಂಟೆ ಅಷ್ಟೇ. ವಾರಗಟ್ಟಲೆ ಇಟ್ಟರೆ ಅದೂ ಸುಸ್ತಾಗುತ್ತೆ, ಇಲ್ಲವೇ ಮೋಸ ಗೊತ್ತಾಗುತ್ತೆ. ನಿಮ್ಮದರಷ್ಟು ಬೇರೂರಿದ ಮೀನಿಗೆ ಕನ್ನಡಿ ಒಂದರಿಂದಲೇ ಆಗುವುದಿಲ್ಲ.

ಮೀನು ತುಂಬುವ ಸಲಹೆ ಮಾತ್ರ ಬೇಡವೇ ಬೇಡ. ಅದು ಸಿಹಿನೀರಿನ ಆಫ್ರಿಕನ್ ಸಿಕ್ಲಿಡ್ ಸಾಕುವವರ ಉಪಾಯ. ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತೆ. ಅದರ ಮೇಲೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ, ನೀರಲ್ಲಿ ಕರಗುವ ಆಮ್ಲಜನಕವೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಏಪ್ರಿಲ್ ತಿಂಗಳ ಸೆಕೆಗೆ ನೀರು ಕಾದರೆ ಇನ್ನೂ ಇಳಿಯುತ್ತೆ. ತುಂಬಿದ ಟ್ಯಾಂಕ್‌ನಲ್ಲಿ ರಾತ್ರಿ ಎರಡು ಗಂಟೆ ಕರೆಂಟ್ ಹೋದರೆ ಬೆಳಿಗ್ಗೆ ಜಗಳವೂ ಇರಲ್ಲ, ಮೀನೂ ಇರಲ್ಲ. ಈಗಿರುವ ಮೂರ್ನಾಲ್ಕು ಮೀನಿಗೂ ನೀರು ಕಲಕುವ ಒಂದು ವೇವ್‌ಮೇಕರ್ ಯುಪಿಎಸ್ ಮೇಲಿರಲಿ.

ಆ ಸಲಹೆಯಲ್ಲಿ ಒಂದು ಕಾಳು ಸತ್ಯ ಇದೆ. ಒಂದೇ ಹೊಸ ಮೀನು ಬಿಟ್ಟರೆ ಸಿಟ್ಟೆಲ್ಲ ಅದರ ಮೇಲೆ ಬೀಳುತ್ತೆ. ಎರಡು ಬೇರೆ ಬೇರೆ ಆಕಾರದ, ಬೇರೆ ಬಣ್ಣದ ಮೀನುಗಳನ್ನು ಒಟ್ಟಿಗೆ ಬಿಟ್ಟರೆ ಹಂಚಿಹೋಗುತ್ತೆ. ಹಾಗಂತ ಬ್ಲೂ ಗ್ರೀನ್ ಕ್ರೋಮಿಸ್ ಐದು ತಗೊಳ್ಳಿ, ಗುಂಪಾಗಿ ಇರ್ತವೆ ಅನ್ನುವವರ ಮಾತು ಕೇಳಬೇಡಿ. ಮನೆ ಟ್ಯಾಂಕ್‌ನಲ್ಲಿ ಐದು ನಾಲ್ಕಾಗಿ, ನಾಲ್ಕು ಎರಡಾಗಿ, ಕೊನೆಗೆ ಒಂದೇ ಕೊಬ್ಬಿದ ಕ್ರೋಮಿಸ್ ಉಳಿದದ್ದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಅವೂ ಡ್ಯಾಮ್ಸೆಲ್ ಕುಟುಂಬದವೇ.

ಊಟವೂ ಮುಖ್ಯ. ಹಸಿದ ಹೊಟ್ಟೆ ಕಾಲು ಕೆರೆದು ಜಗಳಕ್ಕೆ ಬರುತ್ತೆ. ದಿನಕ್ಕೆ ಒಂದೇ ಸಲ ಜಾಸ್ತಿ ಹಾಕುವ ಬದಲು ಮೂರು ಸಲ ಚೂರುಚೂರು ಹಾಕಿ, ಟ್ಯಾಂಕ್‌ನ ಎರಡೂ ತುದಿಯಲ್ಲಿ. ಕೋರಲ್ ಬ್ಯೂಟಿಗೆ ನೋರಿ (ಒಣಗಿಸಿದ ಸಮುದ್ರಪಾಚಿ) ಹಾಳೆಯ ತುಂಡನ್ನು ಕ್ಲಿಪ್‌ಗೆ ಸಿಕ್ಕಿಸಿ ಡ್ಯಾಮ್ಸೆಲ್ ಗುಡ್ಡದಿಂದ ದೂರವಿಡಿ. ಫೈರ್‌ಫಿಶ್ ಹಾರಿದ್ದಕ್ಕೆ ಕಿಟಕಿಗೆ ಹಾಕುವ ಸೊಳ್ಳೆ ಮೆಶ್ ಚೌಕಟ್ಟು ಮಾಡಿ ಟ್ಯಾಂಕ್ ಮೇಲಿಡಿ. ಹೆದರಿದ ಮೀನು ಸಿಕ್ಕ ಕಡೆ ಹಾರುತ್ತೆ, ಅದರಲ್ಲಿ ಫೈರ್‌ಫಿಶ್ ಮೊದಲು.

ಚಿಕ್ಕ ಕ್ಲೌನ್ ನಡುಗುವುದು ಕಾಯಿಲೆ ಅಲ್ಲ. ಅದು ಶರಣು. ಕ್ಲೌನ್‌ಗಳಲ್ಲಿ ದೊಡ್ಡದು ಹೆಣ್ಣು, ಅದರದ್ದೇ ಯಜಮಾನಿಕೆ. ಎರಡನೆಯದು ಗಂಡು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತೆ. ಚಿಕ್ಕದು ಹತ್ತಿರ ಬಂದು ಮೈ ವಾಲಿಸಿ ನಡುಗಿದರೆ, ‘ಅಮ್ಮಾ ತಾಯಿ, ನೀನೇ ದೊಡ್ಡವಳು’ ಅಂತ ಹೇಳಿದಂತೆ. ಒಳ್ಳೆಯ ಸಂಸಾರದ ಲಕ್ಷಣ! ಇದು ತಿಳಿಯದೆ ನಾನೂ ಒಮ್ಮೆ ಪೆಟ್ಟು ತಿಂದಿದ್ದೇನೆ. ಹಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಎರಡು ಮರೂನ್ ಕ್ಲೌನ್ ‘ಜೋಡಿ ಸಾರ್’ ಅಂತ ಕೊಟ್ಟರು. ಎರಡೂ ಒಂದೇ ಗಾತ್ರ, ಬೇರೆ ಬೇರೆ ತೊಟ್ಟಿಯಿಂದ ಹಿಡಿದದ್ದು. ಅಷ್ಟರಲ್ಲೇ ನನಗೆ ಅನುಮಾನ ಬರಬೇಕಿತ್ತು. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ನೋಡಿದರೆ ಒಂದರ ರೆಕ್ಕೆಯೇ ಇರಲಿಲ್ಲ. ಎರಡೂ ಹೆಣ್ಣಾಗಿದ್ದವು, ಮತ್ತು ಕ್ಲೌನ್‌ಗಳಲ್ಲೇ ಮರೂನ್ ಅತಿ ಮುಂಗೋಪಿ. ಜೋಡಿ ಬೇಕಿದ್ದರೆ ಒಂದು ದೊಡ್ಡದು, ಒಂದು ತೀರಾ ಚಿಕ್ಕದು ತಗೋಬೇಕು. ಕೇಳುವುದಾದರೆ ತೊಟ್ಟಿಯಲ್ಲಿ ಮರಿ ಮಾಡಿಸಿದ್ದನ್ನೇ ಕೇಳಿ. ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದ್ದಾರೆ.

ನಿಮ್ಮ ಕ್ಲೌನ್ ಜೋಡಿ ಮುಂದೊಂದು ದಿನ ಕಲ್ಲಿನ ಮೇಲೆ ಮೊಟ್ಟೆ ಇಡಬಹುದು. ಆಗ ಒಂದು ವಾರ ಅವೇ ರೌಡಿಗಳು. ಗಾಜು ಉಜ್ಜಲು ಕೈ ಹಾಕಿದರೂ ಕಚ್ಚುತ್ತವೆ. ಆ ವಾರ ಹೊಸ ಮೀನು ತರಬೇಡಿ, ಅಷ್ಟೇ.

ಎರಡು ವಾರದ ಶಿಕ್ಷೆ ಮುಗಿಸಿ ಬಂದ ಡ್ಯಾಮ್ಸೆಲ್ ಸುಧಾರಿಸುತ್ತಾ? ನಿಜ ಹೇಳಬೇಕೆಂದರೆ ಕೆಲವು ಸುಧಾರಿಸುತ್ತವೆ, ಕೆಲವು ಒಂದೇ ವಾರದಲ್ಲಿ ಹಳೆಯ ಚಾಳಿಗೆ ಬರುತ್ತವೆ. ಬಂದ ಮೇಲೆ ಹಳೆಯ ಚುಕ್ಕಿ ಒರೆಸಿ ಹೊಸದಾಗಿ ಇಟ್ಟು ನೋಡಿ. ಮತ್ತೆ ಎರಡೂ ತುದಿ ಮುಟ್ಟಿದರೆ ನಾನಾದರೆ ಅದನ್ನು ಇಟ್ಟುಕೊಳ್ಳುವುದಿಲ್ಲ. ಅಂಗಡಿಯವರು ದುಡ್ಡು ಕೊಡದಿದ್ದರೂ ವಾಪಸ್ ತಗೋತಾರೆ. ಡ್ಯಾಮ್ಸೆಲ್‌ಗಳನ್ನೇ ಸಾಕುವವರೂ ಇದ್ದಾರೆ, ಕೇಳಿ ನೋಡಿ. ಮುಂದೆ ಇನ್ನೊಂದು ಟ್ಯಾಂಕ್ ಮಾಡುವಾಗ ಸೈಕಲ್‌ಗೆ ಮೀನು ಬೇಡ. ಬಾಟಲಿಯ ಬ್ಯಾಕ್ಟೀರಿಯಾ, ಸ್ವಲ್ಪ ಅಮೋನಿಯ, ನಾಲ್ಕರಿಂದ ಆರು ವಾರದ ತಾಳ್ಮೆ ಸಾಕು. ಮೆತ್ತಗಿನ ಮೀನು ಮೊದಲು, ಕ್ಲೌನ್ ಆಮೇಲೆ, ಕೋರಲ್ ಬ್ಯೂಟಿಯಂಥದ್ದು ಅದರ ನಂತರ, ಡ್ಯಾಮ್ಸೆಲ್ ಬೇಕೇ ಬೇಕಿದ್ದರೆ ಎಲ್ಲಕ್ಕಿಂತ ಕೊನೆಗೆ.

ಯೆಲ್ಲೋ ಟ್ಯಾಂಗ್ ಬೇಡ. ಮಕ್ಕಳಿಗೆ ನಾನು ಹೇಳಿದೆ ಅಂತಲೇ ಹೇಳಿ. ಅದು ಹವಾಯಿ ಕಡೆಯ ದಿಬ್ಬಗಳಲ್ಲಿ ದಿನವಿಡೀ ಪಾಚಿ ಮೇಯುತ್ತಾ ಈಜಾಡುವ ಮೀನು. 6 ಅಡಿ ಇಲ್ಲದ ಟ್ಯಾಂಕ್ ಅದಕ್ಕೆ ಇಕ್ಕಟ್ಟು. ಬಾಲದ ಬುಡದಲ್ಲಿ ಎರಡೂ ಕಡೆ ಬ್ಲೇಡಿನಂಥ ಮುಳ್ಳಿದೆ. ಜಗಳ ಬಂದರೆ ಬಾಲ ಬೀಸಿ ಸೀಳುತ್ತೆ. ನಿಮ್ಮ ಡ್ಯಾಮ್ಸೆಲ್ ಜಾಗದಲ್ಲಿ ಇನ್ನೊಬ್ಬ ದೊಡ್ಡ ಯಜಮಾನನನ್ನು ತಂದು ಕೂರಿಸಿದಂತಾಗುತ್ತೆ. ಹಳದಿ ಬಣ್ಣವೇ ಬೇಕಿದ್ದರೆ ಯೆಲ್ಲೋ ವಾಚ್‌ಮನ್ ಗೋಬಿ ತನ್ನಿ. ಬೆಳೆದರೂ ಸುಮಾರು 10 ಸೆಂಟಿಮೀಟರ್. ಜೊತೆಗೆ ಒಂದು ಪಿಸ್ಟಲ್ ಸೀಗಡಿ. ಸೀಗಡಿಗೆ ಕಣ್ಣು ಅಷ್ಟಾಗಿ ಕಾಣದು. ಅದು ಮರಳಲ್ಲಿ ಬಿಲ ತೋಡುತ್ತೆ, ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತೆ. ಸೀಗಡಿಯ ಮೀಸೆ ಸದಾ ಗೋಬಿಯ ಮೈಗೆ ತಾಗಿರುತ್ತೆ. ಅಪಾಯ ಬಂದರೆ ಗೋಬಿ ಬಾಲ ಅಲ್ಲಾಡಿಸುತ್ತೆ, ಎರಡೂ ಒಳಗೆ. ಮಕ್ಕಳು ಟ್ಯಾಂಗ್ ಮರೆತು ಗಂಟೆಗಟ್ಟಲೆ ಗಾಜಿಗೆ ಮೂಗು ಒತ್ತಿ ಕೂರುತ್ತಾರೆ. ಆದರೆ ಅದನ್ನು ತರುವ ಮೊದಲು ಕಲ್ಲಿನ ಬುಡವನ್ನು ಮರಳಿನ ಮೇಲಲ್ಲ, ನೇರ ತಳದ ಗಾಜಿನ ಮೇಲೆ ಕೂರಿಸಿ. ಸೀಗಡಿ ಅಡಿಪಾಯ ತೋಡುತ್ತಲೇ ಇರುತ್ತೆ.